ಅರ್ಥಶಾಸ್ತ್ರ ಪದವಿ: ಎಷ್ಟು ಪತ್ರಿಕೆ, ಎಷ್ಟು ಗಣಿತ, ಯಾವ ವಿಶೇಷಾಧ್ಯಯನ

ದ್ವಿತೀಯ ಪಿಯುಸಿ ಮುಗಿಸಿ ಅರ್ಥಶಾಸ್ತ್ರವನ್ನೇ ಓದಬೇಕೆಂದು ನಿಶ್ಚಯಿಸಿದ ವಿದ್ಯಾರ್ಥಿಗೆ ಇಂದು ಕರ್ನಾಟಕದಲ್ಲಿ ತೆರೆದಿರುವ ದಾರಿ ಒಂದೇ ಅಲ್ಲ. ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಇತಿಹಾಸ, ರಾಜ್ಯಶಾಸ್ತ್ರಗಳ ಜೊತೆ ಅರ್ಥಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದುವ ಬಿ.ಎ. ಇದೆ. ಬೆಂಗಳೂರಿನ ಕೆಲವು ಕಾಲೇಜುಗಳಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರದ ಜೊತೆ ಅರ್ಥಶಾಸ್ತ್ರವನ್ನು ಕಲಿಸುವ ಬಿ.ಎಸ್ಸಿ. ಇದೆ. ಅರ್ಥಶಾಸ್ತ್ರಕ್ಕೆಂದೇ ಮೀಸಲಾಗಿ 2017ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಇದೆ, ಖಾಸಗಿ ವಿಶ್ವವಿದ್ಯಾಲಯಗಳ ಆನರ್ಸ್ ಪದವಿಗಳಿವೆ, ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಸಿಯುಇಟಿ ಬರೆದು ದೆಹಲಿಗೆ ಹೋಗುವ ಅವಕಾಶವೂ ಇದೆ. ಎಲ್ಲ ಕಡೆಯಿಂದ ಹೊರಬರುವವರೂ ಅರ್ಥಶಾಸ್ತ್ರದ ಪದವೀಧರರೆಂದೇ ಕರೆಸಿಕೊಳ್ಳುತ್ತಾರೆ. ಆದರೆ ಅವರು ಓದಿದ ಅರ್ಥಶಾಸ್ತ್ರದ ಪ್ರಮಾಣದಲ್ಲಿ ಎರಡು ಪಟ್ಟಿಗೂ ಮೀರಿದ ಅಂತರವಿರಬಹುದು. ಕಾಲೇಜಿನ ಹೆಸರು, ಶುಲ್ಕ, ಹಾಸ್ಟೆಲುಗಳನ್ನು ವಿಚಾರಿಸುವಷ್ಟೇ ಆಸ್ಥೆಯಿಂದ ಈ ಅಂತರವನ್ನು ವಿಚಾರಿಸುವವರು ಕಡಿಮೆ.

ಅಂತರವನ್ನು ಅಳೆಯಲು ಕ್ರೆಡಿಟ್ ಲೆಕ್ಕ ತಿಳಿದಿರಬೇಕು. ಕ್ರೆಡಿಟ್ ಎಂದರೆ ಬೋಧನೆಯ ಅಳತೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಪದವಿ ಚೌಕಟ್ಟಿನಲ್ಲಿ 15 ಗಂಟೆಗಳ ತರಗತಿ ಬೋಧನೆಗೆ ಒಂದು ಕ್ರೆಡಿಟ್. ಪ್ರಾಯೋಗಿಕ ಅಥವಾ ಕ್ಷೇತ್ರಕಾರ್ಯವಾದರೆ 30 ಗಂಟೆಗೆ ಒಂದು. ಹಾಗಾಗಿ ನಾಲ್ಕು ಕ್ರೆಡಿಟ್‌ನ ಒಂದು ಪತ್ರಿಕೆಗೆ ಸೆಮಿಸ್ಟರಿನಲ್ಲಿ ಸುಮಾರು 60 ಗಂಟೆಗಳ ಪಾಠ ನಡೆಯಬೇಕು. ಮೂರು ವರ್ಷದ ಪದವಿಗೆ ಕನಿಷ್ಠ 120, ನಾಲ್ಕು ವರ್ಷದ ಪದವಿಗೆ ಕನಿಷ್ಠ 160 ಕ್ರೆಡಿಟ್‌ಗಳನ್ನು ಈ ಚೌಕಟ್ಟು ನಿಗದಿಪಡಿಸಿದೆ. ಅದರಲ್ಲಿ ಅರ್ಧದಷ್ಟು, ಅಂದರೆ ಮೂರು ವರ್ಷಕ್ಕೆ 60, ನಾಲ್ಕು ವರ್ಷಕ್ಕೆ 80 ಕ್ರೆಡಿಟ್‌ಗಳು ಮುಖ್ಯ (ಮೇಜರ್) ವಿಷಯದವೇ ಆಗಿರಬೇಕು. ಉಳಿದರ್ಧ ಮೈನರ್ ಎಂಬ ಉಪವಿಷಯ, ಭಾಷೆ, ಕೌಶಲ, ಮೌಲ್ಯವರ್ಧಿತ ಪತ್ರಿಕೆಗಳು, ಇಂಟರ್ನ್‌ಶಿಪ್ ಮುಂತಾದವುಗಳಲ್ಲಿ ಹಂಚಿಹೋಗುತ್ತದೆ. ದೆಹಲಿ ವಿಶ್ವವಿದ್ಯಾಲಯ ಯುಜಿಸಿಯ ಕನಿಷ್ಠ ಮಿತಿಯನ್ನೂ ದಾಟಿ ನಾಲ್ಕು ವರ್ಷಕ್ಕೆ 176 ಕ್ರೆಡಿಟ್‌ಗಳನ್ನು ಕೇಳುತ್ತದೆ, ಅದರ ಬಿ.ಎ. ಆನರ್ಸ್‌ನಲ್ಲಿ ಅರ್ಥಶಾಸ್ತ್ರದ ಕಡ್ಡಾಯ ಪತ್ರಿಕೆಗಳೇ 20.

ಕರ್ನಾಟಕದ ಸಾರ್ವಜನಿಕ ವಿಶ್ವವಿದ್ಯಾಲಯಗಳ ಲೆಕ್ಕ ಬೇರೆ, ಅದೂ ಕಳೆದ ಕೆಲವು ವರ್ಷಗಳಲ್ಲಿ ಎರಡು ಬಾರಿ ಬದಲಾಗಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು (ಎನ್‌ಇಪಿ) ಪದವಿ ಹಂತದಲ್ಲಿ ಜಾರಿಗೆ ತಂದಾಗ ವಿದ್ಯಾರ್ಥಿ ಮೊದಲ ನಾಲ್ಕು ಸೆಮಿಸ್ಟರ್ ಎರಡು ವಿಷಯಗಳನ್ನು ಓದಿ, ಮೂರನೆಯ ವರ್ಷದಲ್ಲಿ ಒಂದನ್ನು ಮೇಜರ್, ಇನ್ನೊಂದನ್ನು ಮೈನರ್ ಮಾಡಿಕೊಳ್ಳುವ ಅಥವಾ ಎರಡನ್ನೂ ಮೇಜರ್ ಆಗಿ ಮುಂದುವರಿಸುವ ವ್ಯವಸ್ಥೆ ಬಂದಿತು. ನಾಲ್ಕನೆಯ ವರ್ಷ ಓದಿದರೆ ಆನರ್ಸ್. ಬಳಿಕ ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನು ಆಧರಿಸಿ ಸರ್ಕಾರ 2024ರ ಮೇ ತಿಂಗಳಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿಯನ್ನು ಕೈಬಿಟ್ಟು, 2024-25ರಿಂದ ಮೂರು ವರ್ಷದ ಪದವಿಗೆ, ಸಮಾನ ಮಹತ್ವದ ಮೂರು ಐಚ್ಛಿಕ ವಿಷಯಗಳ ಪದ್ಧತಿಗೆ ಮರಳಿತು. ಒಂದೇ ಮನೆಯಲ್ಲಿ ಅಕ್ಕ ಒಂದು ನೀತಿಯಡಿ, ತಮ್ಮ ಇನ್ನೊಂದು ನೀತಿಯಡಿ ಅರ್ಥಶಾಸ್ತ್ರ ಓದುತ್ತಿರುವ ಸ್ಥಿತಿ ಹೀಗೆ ಬಂದದ್ದು. ಹಿರಿಯ ವಿದ್ಯಾರ್ಥಿಗಳ ಸಲಹೆಯನ್ನು ಕೇಳುವವರು ಅವರು ಯಾವ ಪಠ್ಯಕ್ರಮದವರು ಎಂಬುದನ್ನು ಮೊದಲು ಕೇಳಿಕೊಳ್ಳುವುದು ಒಳ್ಳೆಯದು.

ಮೂರು ವಿಷಯಗಳ ಪದ್ಧತಿಯಲ್ಲಿ ಭಾಷೆ ಮತ್ತು ಕಡ್ಡಾಯ ಪತ್ರಿಕೆಗಳನ್ನು ಕಳೆದು ಉಳಿದದ್ದನ್ನು ಮೂರು ಪಾಲು ಮಾಡಬೇಕು. ಹೊಸ ನೀತಿಗಳಿಗಿಂತ ಮೊದಲು ನಮ್ಮ ಅನೇಕ ವಿಶ್ವವಿದ್ಯಾಲಯಗಳಲ್ಲಿ ಮೊದಲ ನಾಲ್ಕು ಸೆಮಿಸ್ಟರಿಗೆ ವಿಷಯಕ್ಕೊಂದು ಪತ್ರಿಕೆ, ಕೊನೆಯ ಎರಡು ಸೆಮಿಸ್ಟರಿಗೆ ಎರಡೆರಡು ಎಂಬ ರೂಢಿಯಿತ್ತು. ಅಲ್ಲಿಗೆ ಅರ್ಥಶಾಸ್ತ್ರದ ಒಟ್ಟು ಪತ್ರಿಕೆಗಳು ಎಂಟು. ಯುಜಿಸಿಯ ಮೂರು ವರ್ಷದ ಲೆಕ್ಕವನ್ನು ನಾಲ್ಕು ಕ್ರೆಡಿಟ್‌ನ ಪತ್ರಿಕೆಗಳಿಗೆ ಇಳಿಸಿದರೆ ಹದಿನೈದಾಗುತ್ತದೆ. ದೆಹಲಿಯ ನಾಲ್ಕು ವರ್ಷಕ್ಕೆ ಇಪ್ಪತ್ತು, ಐಚ್ಛಿಕ ಪತ್ರಿಕೆಗಳು ಅದರ ಮೇಲೆ. ಎಂಟು ಪತ್ರಿಕೆಗಳ ಪದವಿ ಕೀಳು ಎಂದು ಇದರ ಅರ್ಥವಲ್ಲ. ಇತಿಹಾಸ ಮತ್ತು ರಾಜ್ಯಶಾಸ್ತ್ರವನ್ನು ಸಮನಾಗಿ ಓದಿದವರಿಗೆ ಕೆಎಎಸ್‌ನಂಥ ಸ್ಪರ್ಧಾತ್ಮಕ ಪರೀಕ್ಷೆಗಳ ಸಾಮಾನ್ಯ ಅಧ್ಯಯನದಲ್ಲಿ ಅನುಕೂಲವಿದೆ. ಶಿಕ್ಷಕರ ನೇಮಕಾತಿಯಲ್ಲೂ ಪದವಿಯಲ್ಲಿ ಯಾವ ಯಾವ ಐಚ್ಛಿಕ ವಿಷಯಗಳನ್ನು ಓದಿದ್ದಾರೆ ಎಂಬುದನ್ನು ನೋಡುತ್ತಾರೆ, ಆದ್ದರಿಂದ ಬಿ.ಇಡಿ. ಮಾಡುವ ಉದ್ದೇಶವಿದ್ದವರಿಗೆ ವಿಷಯಗಳ ಜೋಡಣೆಯೇ ಮುಖ್ಯ. ಅರ್ಥಶಾಸ್ತ್ರಜ್ಞನಾಗಬೇಕೆಂಬ ಆಸೆ ಇಟ್ಟುಕೊಂಡು ಇದೇ ಪದವಿಗೆ ಸೇರಿದವನು ಮಾತ್ರ ಉಳಿದ ಏಳೆಂಟು ಪತ್ರಿಕೆಗಳಷ್ಟು ಓದನ್ನು ತಾನೇ ಎಲ್ಲಿಂದಲಾದರೂ ತುಂಬಿಕೊಳ್ಳಬೇಕಾಗುತ್ತದೆ.

ಕಡ್ಡಾಯ ಪತ್ರಿಕೆಗಳ ಸರಪಳಿ

ಪಠ್ಯಕ್ರಮಗಳು ಎಷ್ಟೇ ಬೇರೆಯಾದರೂ ಅರ್ಥಶಾಸ್ತ್ರ ಪದವಿಯ ನಡುಗಂಬಗಳು ಎಲ್ಲ ಕಡೆಯೂ ಅವೇ: ಸೂಕ್ಷ್ಮ ಅರ್ಥಶಾಸ್ತ್ರ, ಸಮಗ್ರ ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ, ಇವೆಲ್ಲ ಸೇರುವ ಅರ್ಥಮಿತಿ (ಇಕಾನೊಮೆಟ್ರಿಕ್ಸ್), ಅಂದರೆ ಆರ್ಥಿಕ ಸಂಬಂಧಗಳನ್ನು ಅಂಕಿಅಂಶಗಳಿಂದ ಅಳೆದು ಪರೀಕ್ಷಿಸುವ ವಿಧಾನ. ಭಾರತದ ಆರ್ಥಿಕತೆಯ ಪತ್ರಿಕೆ ನಮ್ಮ ದೇಶದಲ್ಲಿ ಎಲ್ಲೆಡೆ ಇರುತ್ತದೆ, ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಕರ್ನಾಟಕದ ಆರ್ಥಿಕತೆಯೂ ಸೇರುತ್ತದೆ. ಈ ಪತ್ರಿಕೆಗಳು ಒಂದರ ಪಕ್ಕ ಒಂದು ಇಟ್ಟ ಬಿಡಿ ವಿಷಯಗಳಲ್ಲ. ಕಲನಶಾಸ್ತ್ರ (ಕ್ಯಾಲ್ಕುಲಸ್) ತಿಳಿಯದಿದ್ದರೆ ಗ್ರಾಹಕನ ಆಯ್ಕೆಯನ್ನು ರೇಖಾಚಿತ್ರದಿಂದಾಚೆಗೆ ಒಯ್ಯಲಾಗದು. ಸಂಭವನೀಯತೆ ತಿಳಿಯದಿದ್ದರೆ ಅರ್ಥಮಿತಿಯ ಮೊದಲ ಅಧ್ಯಾಯವೇ ಕಬ್ಬಿಣದ ಕಡಲೆ. ಅರ್ಥಮಿತಿ ಬಾರದಿದ್ದರೆ ಕೊನೆಯ ವರ್ಷದ ಶ್ರಮ ಅರ್ಥಶಾಸ್ತ್ರ ಅಥವಾ ಆರೋಗ್ಯ ಅರ್ಥಶಾಸ್ತ್ರದ ಪತ್ರಿಕೆಯಲ್ಲಿ ಸಂಶೋಧನೆಯ ತೀರ್ಮಾನಗಳನ್ನು ನಂಬಿಕೊಂಡು ಬರೆಯಬಹುದೇ ಹೊರತು ಪರೀಕ್ಷಿಸಿ ನೋಡಲಾಗುವುದಿಲ್ಲ.

ಸರಪಳಿಯನ್ನು ಎಷ್ಟು ಬೇಗ ಆರಂಭಿಸುತ್ತಾರೆ ಎಂಬುದರಲ್ಲಿ ಸಂಸ್ಥೆಗಳ ಸ್ವಭಾವ ತಿಳಿದುಬಿಡುತ್ತದೆ. ದೆಹಲಿ ವಿಶ್ವವಿದ್ಯಾಲಯದ ಆನರ್ಸ್ ಪದವಿಯ ಮೊದಲ ವರ್ಷದ ಆರು ಕಡ್ಡಾಯ ಪತ್ರಿಕೆಗಳಲ್ಲಿ ನಾಲ್ಕು ಗಣಿತ ಮತ್ತು ಸಂಖ್ಯಾಶಾಸ್ತ್ರದವು. ಅದಕ್ಕಾಗಿಯೇ ಅಲ್ಲಿ ಪ್ರವೇಶಕ್ಕೆ ಸಿಯುಇಟಿಯಲ್ಲಿ ಗಣಿತ ಕಡ್ಡಾಯ. ಕರ್ನಾಟಕದ ಎನ್‌ಇಪಿ ಮಾದರಿ ಪಠ್ಯಕ್ರಮದಲ್ಲಿ ಮೊದಲ ವರ್ಷ ಮೂಲ ಅರ್ಥಶಾಸ್ತ್ರ, ಸಮಕಾಲೀನ ಭಾರತದ ಆರ್ಥಿಕತೆ, ಕರ್ನಾಟಕದ ಆರ್ಥಿಕತೆಗಳನ್ನಿಟ್ಟು, ಅರ್ಥಶಾಸ್ತ್ರಕ್ಕೆ ಬೇಕಾದ ಗಣಿತವನ್ನು ಮೂರನೆಯ ಸೆಮಿಸ್ಟರಿಗೂ ಸಂಖ್ಯಾಶಾಸ್ತ್ರವನ್ನು ನಾಲ್ಕನೆಯ ಸೆಮಿಸ್ಟರಿಗೂ ಇರಿಸಿದ್ದರು. ಪಿಯುಸಿಯಲ್ಲಿ ಗಣಿತ ಓದದೆ ಬರುವ ಬಹುಸಂಖ್ಯಾತ ಕಲಾ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡ ಕ್ರಮ ಅದು, ಅವರ ದೃಷ್ಟಿಯಿಂದ ನ್ಯಾಯವಾದದ್ದೂ ಹೌದು. ಒಂದೇ ಸೆಮಿಸ್ಟರಿನಲ್ಲಿ ಕಲಿತ ಗಣಿತ ಮುಂದಿನ ಎಂ.ಎ. ಪ್ರವೇಶ ಪರೀಕ್ಷೆಗೆ ಸಾಲುತ್ತದೆಯೇ ಎಂದು ಕೇಳಿದರೆ ಉತ್ತರ ಸಾಲುವುದಿಲ್ಲ ಎಂದೇ.

ಪಿಯುಸಿಯಲ್ಲಿ ಏನು ಓದಿದ್ದೀರಿ ಎಂಬುದು ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಪಿಸಿಎಂ ಓದಿದ ವಿಜ್ಞಾನ ವಿದ್ಯಾರ್ಥಿ ಕಲನಶಾಸ್ತ್ರ ಮತ್ತು ಮಾತೃಕೆಗಳನ್ನು ಆಗಲೇ ಕಂಡಿರುತ್ತಾನೆ. ವಾಣಿಜ್ಯದಲ್ಲಿ ಸಂಖ್ಯಾಶಾಸ್ತ್ರ ಅಥವಾ ಬೇಸಿಕ್ ಮ್ಯಾಥ್ಸ್ ತೆಗೆದುಕೊಂಡವರಿಗೆ ಅರ್ಧ ದಾರಿ ಪರಿಚಿತ. ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ಓದಿ ಬಂದವರಿಗೆ ಅರ್ಥಶಾಸ್ತ್ರದ ಪರಿಚಯವಿರುತ್ತದೆ, ಗಣಿತ ಹತ್ತನೆಯ ತರಗತಿಗೇ ನಿಂತಿರುತ್ತದೆ. ಹಾಗೆಂದು ಬಾಗಿಲು ಮುಚ್ಚಿಲ್ಲ. ಪದವಿ ಹಂತದ ಅರ್ಥಶಾಸ್ತ್ರಕ್ಕೆ ಬೇಕಾದದ್ದು ಒಂದು ಮತ್ತು ಹೆಚ್ಚು ಚರಗಳ ಕಲನಶಾಸ್ತ್ರ, ಅಲ್ಪಸ್ವಲ್ಪ ರೇಖೀಯ ಬೀಜಗಣಿತ, ನಿರ್ಬಂಧಗಳಿರುವಾಗ ಗರಿಷ್ಠ ಕನಿಷ್ಠಗಳನ್ನು ಕಂಡುಹಿಡಿಯುವ ವಿಧಾನ, ಸಂಭವನೀಯತೆ. ಎಂಜಿನಿಯರಿಂಗ್ ಗಣಿತದ ವಿಸ್ತಾರ ಇದಕ್ಕಿಲ್ಲ. ಇಷ್ಟನ್ನು ಮೊದಲ ವರ್ಷದಲ್ಲೇ ಸ್ವಂತವಾಗಿ ಕಲಿಯತೊಡಗಬೇಕು, ಅಷ್ಟೆ. ಕನ್ನಡ ಮಾಧ್ಯಮದವರಿಗೆ ಸೂಕ್ಷ್ಮ ಮತ್ತು ಸಮಗ್ರ ಅರ್ಥಶಾಸ್ತ್ರದ ಪಠ್ಯಪುಸ್ತಕಗಳು ಸಾಕಷ್ಟು ಸಿಗುತ್ತವೆ, ಅರ್ಥಮಿತಿಯಂಥ ವಿಷಯಕ್ಕೆ ಬಂದರೆ ಇಂಗ್ಲಿಷ್ ಪುಸ್ತಕಗಳನ್ನೇ ಹಿಡಿಯಬೇಕಾಗುವುದು ಇಂದಿಗೂ ಇರುವ ಕೊರತೆ.

ಒಂದು ಪ್ರಶ್ನೆ, ಹಲವು ಪತ್ರಿಕೆಗಳು

ಈ ಪತ್ರಿಕೆಗಳು ಹೇಗೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ ಎಂಬುದನ್ನು ಶಕ್ತಿ ಯೋಜನೆಯ ಮೂಲಕ ನೋಡಬಹುದು. 2023ರ ಜೂನ್ 11ರಿಂದ ಕರ್ನಾಟಕದ ಮಹಿಳೆಯರಿಗೆ ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆಯಿತು. ಇದರಿಂದ ಹೊರಗೆ ದುಡಿಯುವ ಮಹಿಳೆಯರ ಸಂಖ್ಯೆ ಹೆಚ್ಚಿತೇ? ಬಸ್ ನಿಲ್ದಾಣದಲ್ಲೂ ಟಿ.ವಿ. ಚರ್ಚೆಯಲ್ಲೂ ಕೇಳಿಬರುವ ಈ ಪ್ರಶ್ನೆಯನ್ನು ಅರ್ಥಶಾಸ್ತ್ರದ ವಿದ್ಯಾರ್ಥಿ ಬಿಡಿಸಿಕೊಂಡು ನೋಡಬೇಕಾಗುತ್ತದೆ.

ಸೂಕ್ಷ್ಮ ಅರ್ಥಶಾಸ್ತ್ರ ಮೊದಲು ಆಯ್ಕೆಯನ್ನು ನೋಡುತ್ತದೆ. ಟಿಕೆಟಿನ ಬೆಲೆ ಸೊನ್ನೆಯಾದರೂ ಪ್ರಯಾಣದ ವೆಚ್ಚ ಸೊನ್ನೆಯಾಗುವುದಿಲ್ಲ. ಬಸ್ಸಿಗೆ ಕಾಯುವ ಹೊತ್ತು, ಆ ಹೊತ್ತಿನಲ್ಲಿ ಮನೆಯಲ್ಲಿ ಆಗಬೇಕಿದ್ದ ಕೆಲಸ, ಹತ್ತಿರದ ಕಡಿಮೆ ಕೂಲಿಯ ಕೆಲಸಕ್ಕೂ ದೂರದ ಹೆಚ್ಚು ಕೂಲಿಯ ಕೆಲಸಕ್ಕೂ ಇರುವ ಅಂತರ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಸಾರ್ವಜನಿಕ ಹಣಕಾಸು ಪತ್ರಿಕೆ ಇನ್ನೊಂದು ತುದಿಯಿಂದ ಬರುತ್ತದೆ: ನಿರ್ವಾಹಕರು ಕೊಡುವ ಶೂನ್ಯ ದರದ ಟಿಕೆಟಿನ ಹಿಂದೆ ಸಾರಿಗೆ ನಿಗಮಕ್ಕೆ ಸರ್ಕಾರ ತುಂಬಿಕೊಡಬೇಕಾದ ಮೊತ್ತವಿದೆ, ಆ ಮೊತ್ತ ಯಾವ ತೆರಿಗೆಯಿಂದ ಬರುತ್ತದೆ, ಅದೇ ಹಣವನ್ನು ಹೊಸ ಬಸ್ಸುಗಳಿಗೆ ಹಾಕಿದ್ದರೆ ಏನಾಗುತ್ತಿತ್ತು ಎಂಬುದು ಅದರ ಪ್ರಶ್ನೆ. ಸಂಖ್ಯಾಶಾಸ್ತ್ರ ಮಾಹಿತಿಯ ಮೂಲವನ್ನು ಕೇಳುತ್ತದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2017ರಿಂದ ನಡೆಸುತ್ತಿರುವ ಆವರ್ತಕ ಶ್ರಮಬಲ ಸಮೀಕ್ಷೆಯಲ್ಲಿ ಮಹಿಳೆಯರ ದುಡಿಮೆಯ ಅಂಕಿಗಳಿವೆ, ಅವು ಮಾದರಿ ಸಮೀಕ್ಷೆಯ ಅಂಕಿಗಳಾದ್ದರಿಂದ ಸಣ್ಣ ಏರಿಳಿತವನ್ನು ಬದಲಾವಣೆಯೆಂದು ಕರೆಯುವ ಮೊದಲು ಮಾದರಿಯ ದೋಷದ ಮಿತಿಯನ್ನು ನೋಡಬೇಕು.

ಕೊನೆಗೆ ಅರ್ಥಮಿತಿ. 2023ಕ್ಕಿಂತ ಮೊದಲಿನ ಮತ್ತು ನಂತರದ ಅಂಕಿಗಳನ್ನು ಹೋಲಿಸಿದರೆ ಸಾಲದು, ಏಕೆಂದರೆ ಅದೇ ಅವಧಿಯಲ್ಲಿ ಮಳೆ, ಬೆಲೆ, ಕೋವಿಡ್ ನಂತರದ ಚೇತರಿಕೆ, ಗೃಹಲಕ್ಷ್ಮಿಯ ಹಣ ಎಲ್ಲವೂ ಬದಲಾದವು. ಆದ್ದರಿಂದ ಯೋಜನೆ ಇಲ್ಲದ ನೆರೆಯ ರಾಜ್ಯದಲ್ಲಿ ಆದ ಬದಲಾವಣೆಯನ್ನು ಕರ್ನಾಟಕದಲ್ಲಾದ ಬದಲಾವಣೆಯಿಂದ ಕಳೆಯುವ ವಿಧಾನವೊಂದನ್ನು ಪದವಿಯ ಕೊನೆಯ ಹಂತದಲ್ಲಿ ಕಲಿಸುತ್ತಾರೆ. ಆದರೆ ನೆರೆಯ ರಾಜ್ಯ ಯಾವುದು? ತಮಿಳುನಾಡು 2021ರಿಂದಲೇ ಸಾಮಾನ್ಯ ನಗರ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಕೊಟ್ಟಿದೆ. ಮಹಾರಾಷ್ಟ್ರ 2023ರ ಮಾರ್ಚ್‌ನಲ್ಲಿ ತನ್ನ ಸಾರಿಗೆ ಸಂಸ್ಥೆಯ ಬಸ್ಸುಗಳಲ್ಲಿ ಅರ್ಧ ದರ ಮಾಡಿತು. ತೆಲಂಗಾಣ ಅದೇ ವರ್ಷದ ಡಿಸೆಂಬರ್‌ನಲ್ಲಿ ಉಚಿತ ಮಾಡಿತು. ಹೋಲಿಕೆಗೆ ಆರಿಸಿಕೊಂಡ ಪ್ರತಿಯೊಂದು ರಾಜ್ಯಕ್ಕೂ ಒಂದೊಂದು ತಕರಾರು ಏಳುತ್ತದೆ, ಅದನ್ನು ಎದುರಿಸುವುದೇ ಆ ಪತ್ರಿಕೆಯ ನಿಜವಾದ ಪಾಠ. ಸೂತ್ರವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದವರಿಗೂ ಇಂಥ ಒಂದು ಪ್ರಶ್ನೆಯನ್ನು ಕಂಪ್ಯೂಟರಿನಲ್ಲಿ ಅಂಕಿಅಂಶವಿಟ್ಟುಕೊಂಡು ಬಿಡಿಸಿದವರಿಗೂ ಒಂದೇ ಅಂಕ ಬಂದಿರಬಹುದು. ಕೆಲಸಕ್ಕೆ ತೆಗೆದುಕೊಳ್ಳುವವರು ಇಬ್ಬರನ್ನೂ ಒಂದೇ ಎಂದು ಎಣಿಸುವುದಿಲ್ಲ.

ವಿಶೇಷಾಧ್ಯಯನದ ಆಯ್ಕೆ

ಐಚ್ಛಿಕ ಪತ್ರಿಕೆಗಳ ಪಟ್ಟಿ ಸಾಮಾನ್ಯವಾಗಿ ಐದನೆಯ ಸೆಮಿಸ್ಟರಿನ ಸುಮಾರಿಗೆ ಎದುರಾಗುತ್ತದೆ. ಹಣ ಮತ್ತು ಬ್ಯಾಂಕಿಂಗ್, ಅಂತರರಾಷ್ಟ್ರೀಯ ವ್ಯಾಪಾರ, ಅಭಿವೃದ್ಧಿ, ಕೃಷಿ, ಪರಿಸರ, ಶ್ರಮ, ಆರೋಗ್ಯ, ಕೈಗಾರಿಕಾ ಸಂಘಟನೆ, ಆಟದ ಸಿದ್ಧಾಂತ, ವರ್ತನಾ ಅರ್ಥಶಾಸ್ತ್ರ, ಆರ್ಥಿಕ ಇತಿಹಾಸ ಎಂದು ಕೈಪಿಡಿಯಲ್ಲಿ ಪಟ್ಟಿ ಉದ್ದವಾಗಿರುತ್ತದೆ. ಅದರಲ್ಲಿ ಆ ವರ್ಷ ಆ ಕಾಲೇಜಿನಲ್ಲಿ ನಿಜವಾಗಿ ಕಲಿಸುವುದು ಎರಡೋ ಮೂರೋ. ಅಧ್ಯಾಪಕರು ಇರಬೇಕು, ಕನಿಷ್ಠ ಸಂಖ್ಯೆಯ ವಿದ್ಯಾರ್ಥಿಗಳು ಸೇರಬೇಕು. ಆದ್ದರಿಂದ ಪ್ರವೇಶಕ್ಕೆ ಮೊದಲು ಕೇಳಬೇಕಾದದ್ದು ಯಾವ ಐಚ್ಛಿಕಗಳು ಪಟ್ಟಿಯಲ್ಲಿವೆ ಎಂದಲ್ಲ, ಕಳೆದ ಎರಡು ವರ್ಷ ಯಾವುವು ನಡೆದಿವೆ ಎಂದು.

ಆಯ್ಕೆಯಲ್ಲಿ ನನ್ನ ಒಲವು ಸ್ಪಷ್ಟವಾಗಿದೆ: ಪದವಿ ಹಂತದಲ್ಲಿ ವಿಶೇಷಾಧ್ಯಯನದ ಹೆಸರಿಗೆ ಹೆಚ್ಚು ಬೆಲೆ ಕಟ್ಟಬಾರದು. ಎರಡು ಪತ್ರಿಕೆ ಓದಿದ ಮಾತ್ರಕ್ಕೆ ಯಾರೂ ಪರಿಸರ ಅರ್ಥಶಾಸ್ತ್ರಜ್ಞರಾಗುವುದಿಲ್ಲ. ಅರ್ಥಮಿತಿ ಅಥವಾ ಗಣಿತೀಯ ಅರ್ಥಶಾಸ್ತ್ರ ಐಚ್ಛಿಕಗಳ ಪಟ್ಟಿಯಲ್ಲಿದ್ದರೆ ಮೊದಲು ಅದನ್ನು ತೆಗೆದುಕೊಳ್ಳುವುದು, ಎರಡನೆಯದನ್ನು ತಮಗೆ ಪ್ರಿಯವಾದ ಕ್ಷೇತ್ರದಿಂದ ಆರಿಸುವುದು ಒಳಿತು. ಬ್ಯಾಂಕ್ ಪರೀಕ್ಷೆಗಳತ್ತ ಕಣ್ಣಿಟ್ಟವರಿಗೆ ಹಣ ಮತ್ತು ಬ್ಯಾಂಕಿಂಗ್ ಪತ್ರಿಕೆ ಸಹಜ ಆಯ್ಕೆ. ಪಂಚಾಯತ್ ರಾಜ್ ಇಲಾಖೆ, ಸ್ವಯಂಸೇವಾ ಸಂಸ್ಥೆ, ಸಮೀಕ್ಷೆಯ ಕೆಲಸಗಳತ್ತ ಹೋಗುವವರಿಗೆ ಅಭಿವೃದ್ಧಿ ಅರ್ಥಶಾಸ್ತ್ರ ಮತ್ತು ಕ್ಷೇತ್ರಕಾರ್ಯವಿರುವ ಯಾವುದಾದರೂ ಪತ್ರಿಕೆ ಉಪಯೋಗಕ್ಕೆ ಬರುತ್ತದೆ. ಕೃಷಿ ಅರ್ಥಶಾಸ್ತ್ರದ ವಿಷಯದಲ್ಲಿ ಒಂದು ಗೊಂದಲ ಪದೇ ಪದೇ ಕಾಣುತ್ತದೆ: ಬಿ.ಎ.ಯಲ್ಲಿ ಓದುವ ಕೃಷಿ ಅರ್ಥಶಾಸ್ತ್ರದ ಪತ್ರಿಕೆಯೇ ಬೇರೆ, ಬೆಂಗಳೂರು ಅಥವಾ ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳ ಬಿ.ಎಸ್ಸಿ. ಕೃಷಿ ಪದವಿಯ ಮೂಲಕ ಸಾಗುವ ಕೃಷಿ ಅರ್ಥಶಾಸ್ತ್ರದ ದಾರಿಯೇ ಬೇರೆ. ಅಂಥದೇ ಇನ್ನೊಂದು ತಪ್ಪು ಕಲ್ಪನೆ, ನಾಗರಬಾವಿಯ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಲ್ಲಿ ಪದವಿ ಓದಬಹುದೆಂಬುದು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸನ್ನು ಕಟ್ಟಿದ ವಿ.ಕೆ.ಆರ್.ವಿ. ರಾವ್ ಅವರೇ 1972ರಲ್ಲಿ ಇದನ್ನೂ ಸ್ಥಾಪಿಸಿದರು, ಆದರೆ ಇದು ಸಂಶೋಧನಾ ಸಂಸ್ಥೆ. ಪದವಿ ತರಗತಿಗಳು ಇಲ್ಲಿಲ್ಲ.

ವಿಶೇಷಾಧ್ಯಯನಕ್ಕೆ ಇನ್ನೊಂದು ಅರ್ಥವೂ ಇದೆ: ಅರ್ಥಶಾಸ್ತ್ರದ ಜೊತೆ ಇನ್ನೊಂದು ವಿಷಯವನ್ನು ಬಲವಾಗಿ ಓದುವುದು. ಗಣಿತ ಮತ್ತು ಸಂಖ್ಯಾಶಾಸ್ತ್ರದ ಜೊತೆಗಿನ ಬಿ.ಎಸ್ಸಿ. ನಮ್ಮಲ್ಲಿ ಹಳೆಯದು, ಅದರ ಬೆಲೆ ಹೊರಗಿನವರಿಗೆ ತಿಳಿದಷ್ಟು ನಮ್ಮವರಿಗೆ ತಿಳಿದಿಲ್ಲ. ಅಲ್ಲಿ ಅರ್ಥಶಾಸ್ತ್ರದ ಪತ್ರಿಕೆಗಳು ಕಡಿಮೆಯಿದ್ದರೂ ಸರಪಳಿಯ ಕಷ್ಟದ ಕೊಂಡಿಗಳೆಲ್ಲ ಉಳಿದೆರಡು ವಿಷಯಗಳಲ್ಲೇ ಸಿಕ್ಕಿಬಿಡುತ್ತವೆ. ಅಮೆರಿಕದಲ್ಲಿ ಇದೇ ಯೋಚನೆಯ ಜೋಡಿ ಪದವಿಗಳಿವೆ, ಎಂಐಟಿಯಲ್ಲಿ ಕಂಪ್ಯೂಟರ್ ವಿಜ್ಞಾನ, ಅರ್ಥಶಾಸ್ತ್ರ ಮತ್ತು ದತ್ತಾಂಶ ವಿಜ್ಞಾನಗಳನ್ನು ಸೇರಿಸಿದ ಮೇಜರ್ ಒಂದಿದೆ. ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ತಮ್ಮ ಅರ್ಥಶಾಸ್ತ್ರ ಪದವಿಯನ್ನು ಅರ್ಥಮಿತಿ ಮತ್ತು ಪರಿಮಾಣಾತ್ಮಕ ಅರ್ಥಶಾಸ್ತ್ರದ ವರ್ಗಕ್ಕೆ ಸೇರಿಸಿಕೊಂಡಿವೆ. ಆ ವರ್ಗದಲ್ಲಿ ಪದವಿ ಪಡೆದ ವಿದೇಶಿ ವಿದ್ಯಾರ್ಥಿಗೆ ಓದಿನ ನಂತರ ಅಲ್ಲಿ ಕೆಲಸದ ತರಬೇತಿಯಲ್ಲಿರುವ ಅವಧಿಯನ್ನು 24 ತಿಂಗಳು ವಿಸ್ತರಿಸಿಕೊಳ್ಳಲು ಅರ್ಹತೆ ಸಿಗುತ್ತದೆ. ಮಕ್ಕಳನ್ನು ಅಲ್ಲಿಗೆ ಕಳುಹಿಸುವವರು ಪದವಿಯ ಹೆಸರಿಗಿಂತ ಅದು ಯಾವ ವರ್ಗಕ್ಕೆ ಸೇರಿದೆ ಎಂಬುದನ್ನು ವಿಚಾರಿಸುವುದು ಮೇಲು.

ನಾಲ್ಕನೆಯ ವರ್ಷದ ಬಗ್ಗೆಯೂ ಹೇಳಬೇಕು. ಯುಜಿಸಿ ಚೌಕಟ್ಟಿನಲ್ಲಿ ಮೊದಲ ಆರು ಸೆಮಿಸ್ಟರುಗಳಲ್ಲಿ ಶೇ. 75 ಅಥವಾ ಅದಕ್ಕೂ ಹೆಚ್ಚು ಅಂಕ ಪಡೆದವರು ಸಂಶೋಧನೆ ಸಹಿತ ಆನರ್ಸ್ ಆರಿಸಿಕೊಂಡು 12 ಕ್ರೆಡಿಟ್‌ನ ಸಂಶೋಧನಾ ಪ್ರಬಂಧ ಬರೆಯಬಹುದು. ಉಳಿದವರು ಅದರ ಬದಲಿಗೆ ಅಷ್ಟೇ ಕ್ರೆಡಿಟ್‌ನ ಪತ್ರಿಕೆಗಳನ್ನು ಓದಿ ಆನರ್ಸ್ ಪಡೆಯುತ್ತಾರೆ. ಶೇ. 75 ಅಂಕಗಳೊಂದಿಗೆ ನಾಲ್ಕು ವರ್ಷದ ಪದವಿ ಮುಗಿಸಿದವರು ನೇರವಾಗಿ ಪಿಎಚ್.ಡಿ.ಗೆ ಅರ್ಜಿ ಹಾಕಲು ಅರ್ಹರು, ಎಂ.ಎ. ಮಾಡುವುದಾದರೆ ಒಂದು ವರ್ಷದ ಕೋರ್ಸಿಗೂ ಅವಕಾಶವಿದೆ. ಮೂರು ವರ್ಷದ ಪದವೀಧರರಿಗೆ ಎಂ.ಎ. ಎರಡು ವರ್ಷದ್ದು, ಒಟ್ಟು ವರ್ಷಗಳು ಎರಡೂ ದಾರಿಯಲ್ಲಿ ಐದೇ. ವ್ಯತ್ಯಾಸ ತೋರುವುದು ವಿದೇಶದಲ್ಲಿ, ಏಕೆಂದರೆ ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಸ್ನಾತಕೋತ್ತರ ಪ್ರವೇಶಕ್ಕೆ ನಾಲ್ಕು ವರ್ಷದ ಪದವಿಯನ್ನು ಕೇಳುತ್ತವೆ.

ಅರ್ಥಶಾಸ್ತ್ರಜ್ಞ ಎಂಬ ಹುದ್ದೆಯ ಹೆಸರಿರುವ ಕೆಲಸಗಳಿಗೆ ನಮ್ಮ ದೇಶದಲ್ಲಿ ಪದವಿ ಸಾಲದು. ಕೇಂದ್ರ ಲೋಕಸೇವಾ ಆಯೋಗ ನಡೆಸುವ ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಗೆ ಅರ್ಥಶಾಸ್ತ್ರ, ಆನ್ವಯಿಕ ಅರ್ಥಶಾಸ್ತ್ರ, ವ್ಯವಹಾರ ಅರ್ಥಶಾಸ್ತ್ರ ಅಥವಾ ಅರ್ಥಮಿತಿಯಲ್ಲಿ ಸ್ನಾತಕೋತ್ತರ ಪದವಿ ಬೇಕು. ರಿಸರ್ವ್ ಬ್ಯಾಂಕಿನ ಆರ್ಥಿಕ ಸಂಶೋಧನಾ ವಿಭಾಗದ ಗ್ರೇಡ್ ಬಿ ಹುದ್ದೆಗಳಿಗೂ ಅರ್ಥಶಾಸ್ತ್ರ ಅಥವಾ ಅದಕ್ಕೆ ಹತ್ತಿರದ ವಿಷಯದ ಸ್ನಾತಕೋತ್ತರ ಪದವಿಯನ್ನೇ ಕೇಳುತ್ತಾರೆ. ಆದ್ದರಿಂದ ಪದವಿಯ ಪತ್ರಿಕೆಗಳನ್ನು ಆರಿಸುವಾಗ ಎಂ.ಎ. ಪ್ರವೇಶ ಪರೀಕ್ಷೆಗಳ ಪಠ್ಯಕ್ರಮವನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. 2021ರಿಂದ ಐಐಟಿಗಳ ಜಾಮ್ ಪರೀಕ್ಷೆಯಲ್ಲಿ ಅರ್ಥಶಾಸ್ತ್ರವೂ ಸೇರಿದೆ. ಅದರ ಪಠ್ಯಕ್ರಮದಲ್ಲಿ ಸೂಕ್ಷ್ಮ, ಸಮಗ್ರ ಮತ್ತು ಭಾರತದ ಆರ್ಥಿಕತೆಯ ಜೊತೆಗೆ ಗಣಿತ ಮತ್ತು ಸಂಖ್ಯಾಶಾಸ್ತ್ರಗಳು ಪ್ರತ್ಯೇಕ ಭಾಗಗಳಾಗಿವೆ. ಭಾರತೀಯ ಸಾಂಖ್ಯಿಕ ಸಂಸ್ಥೆ ಪರಿಮಾಣಾತ್ಮಕ ಅರ್ಥಶಾಸ್ತ್ರದ ಸ್ನಾತಕೋತ್ತರ ಪ್ರವೇಶಕ್ಕೆ ಗಣಿತದ್ದೇ ಒಂದು ಪ್ರತ್ಯೇಕ ಪತ್ರಿಕೆ ಬರೆಸುತ್ತದೆ. ಅಭಿವೃದ್ಧಿಯನ್ನೋ ಪರಿಸರವನ್ನೋ ಪದವಿಯಲ್ಲಿ ವಿಶೇಷವಾಗಿ ಓದಿದ್ದೇನೆಂಬುದಕ್ಕೆ ಈ ಪರೀಕ್ಷೆಗಳಲ್ಲಿ ಬೇರೆ ಅಂಕವಿಲ್ಲ.

ಮೂರು ಐಚ್ಛಿಕಗಳ ಬಿ.ಎ.ಗೆ ಈಗಾಗಲೇ ಸೇರಿರುವವರಿಗೆ ಕೊರತೆಯನ್ನು ತುಂಬಿಕೊಳ್ಳಲು ಕೇಂದ್ರ ಸರ್ಕಾರದ ಸ್ವಯಂ ಜಾಲತಾಣದ ಕೋರ್ಸುಗಳಿವೆ, ಅರ್ಥಮಿತಿ ಮತ್ತು ಗಣಿತೀಯ ಅರ್ಥಶಾಸ್ತ್ರದವೂ ಅಲ್ಲಿ ಸಿಗುತ್ತವೆ. ಯುಜಿಸಿಯ 2021ರ ನಿಯಮದಂತೆ ವಿಶ್ವವಿದ್ಯಾಲಯವು ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಸ್ವಯಂ ಮೂಲಕ ಓದಲು ಅವಕಾಶ ಕೊಡಬಹುದು. ಕೊಡಬಹುದು ಎಂದಷ್ಟೇ ನಿಯಮ ಹೇಳುವುದು. ಯಾವ ಕೋರ್ಸನ್ನು ಯಾವ ಪತ್ರಿಕೆಯ ಬದಲಿಗೆ ಒಪ್ಪಿಕೊಳ್ಳಬೇಕೆಂಬುದು ಆಯಾ ವಿಶ್ವವಿದ್ಯಾಲಯಕ್ಕೆ ಬಿಟ್ಟದ್ದು. ಹೀಗಾಗಿ ನೋಂದಣಿಗೆ ಮೊದಲೇ ವಿಭಾಗದ ಮುಖ್ಯಸ್ಥರಿಂದ ಲಿಖಿತ ಒಪ್ಪಿಗೆ ಪಡೆದಿರಬೇಕು. ಇಲ್ಲವಾದರೆ ಕೋರ್ಸಿನ ಪ್ರಮಾಣಪತ್ರ ಕೈಗೆ ಬಂದರೂ ಅದರ ಕ್ರೆಡಿಟ್‌ಗಳು ಅಂಕಪಟ್ಟಿಗೆ ಸೇರದೆ ಉಳಿಯಬಹುದು.